ಓಬಳೇಶ ಮೇಷ್ಟ್ರು ನಡೆಸಿದ ಪೋಷಕರ ಸಭೆ

ಕೇಳಿ. ನಗು ಬಂದರೆ ನಗಿ, ಸಿಟ್ಟು ಬಂದರೆ ಇನ್ನೂ ಒಳ್ಳೆಯದು.

ಮಂಡಕ್ಕಿ ಭಟ್ಟಿಗಳ ಓಣಿಯ ಸರ್ಕಾರಿ ಶಾಲೆಯಲ್ಲಿ ದುರುಗವ್ವ ಬಿಸಿಯೂಟ ಬೇಯಿಸುತ್ತಿದ್ದಳು. ಅವಳಿಗೊಬ್ಬ ಮಗ, ಓಬಳೇಶ. ಡಿಗ್ರಿ ಇತ್ತು, ಬುದ್ಧಿ ಇರಲಿಲ್ಲ. ನಮ್ಮ ನಾಡಿಗೆ ಇದು ಹೊಸದೇನಲ್ಲ ಬಿಡಿ! ಹೆಡ್ ಮೇಡಂ ಕೊಟ್ರಮ್ಮನವರ ಹತ್ತಿರ ಗೋಗರೆದು, ಅದೇ ಶಾಲೆಯಲ್ಲಿ ಅವನನ್ನು ಅತಿಥಿ ಮೇಷ್ಟ್ರು ಮಾಡಿಸಿದ್ದಳು.

"ನೋಡೋ, ಈ ಕೆಲಸ ಹೋದರೆ ನಿನಗೆ ಬೇರೆ ಗತಿಯಿಲ್ಲ. ಮೇಡಂ ಹೇಳಿದ್ದನ್ನು ಹೇಳಿದ ಹಾಗೇ ಮಾಡು. ಸ್ವಂತ ತಲೆ ಓಡಿಸಬೇಡ!"

"ಓಡಿಸಲ್ಲವ್ವಾ!"

ಓಡಿಸಲೂ ಇಲ್ಲ.

ಪೋಷಕರ ಸಭೆ ಬಂತು. ಮೇಡಂ ಹೇಳಿದರು: "ಬಂದವರ ಮುಂದೆ ಬರೀ ದೂರು ಹೇಳಬೇಡ. ಮಗುವಿನ ಒಳ್ಳೆಯದನ್ನು ಹೇಳು."

ಇಮಾಂಬಿ ಬಂದಳು. ಭಟ್ಟಿಯ ಬೂದಿ ಇನ್ನೂ ಸೆರಗಿನಲ್ಲೇ ಇತ್ತು. "ನಮ್ಮ ಜಾಫರ್ ಹೆಂಗಿದಾನೆ ಸಾರ್?"

"ಬಂಗಾರ ತಾಯೀ, ಬಂಗಾರ! ಒಂದು ಗಲಾಟೆ ಇಲ್ಲ, ಒಂದು ಜಗಳ ಇಲ್ಲ, ಅವನ ದನಿಯನ್ನೇ ನಾನು ಕೇಳಿಲ್ಲ!"

ಇಮಾಂಬಿ ಹಿಗ್ಗುತ್ತಾ ಹೊರಗೆ ಬಂದಳು. ಆ ಬಂಗಾರ, ಕೆರೆಯ ಏರಿಯ ಮೇಲೆ ಗೋಲಿ ಆಡುತ್ತಿತ್ತು. ದಸರಾ ರಜೆ ಮುಗಿದ ಮೇಲೆ ಹುಡುಗ ಶಾಲೆಯ ಮುಖವನ್ನೇ ನೋಡಿರಲಿಲ್ಲ!

"ಅಯ್ಯೋ ಪೆದ್ದೇ! ಬಾರದ ಹುಡುಗನನ್ನು ಹೊಗಳಿ ಕಳಿಸಿದೆಯಾ?" ಮೇಡಂ ಬೈದರು. "ನೀನು ಮಾತಾಡಲೇಬೇಡ. ಅವರ ಮಾತು ಕೇಳು, ತಲೆಯಾಡಿಸು!"

"ಆಗಲಿ ಮೇಡಂ!"

ಮುಂದಿನ ಸಭೆಗೆ ಹಮಾಲಿ ಖಾದರ್ ಬಂದ. ಬಾಗಿಲಲ್ಲೇ ನಿಂತು ಕೇಳಿದ.

"ಮಗಳನ್ನ ಹೈಸ್ಕೂಲಿಗೆ ಹಾಕಲಾ ಸಾರ್?"

ಓಬಳೇಶ ತಲೆಯಾಡಿಸಿದ.

"ಇಲ್ಲಾ ಬಿಡಿಸಿ ಭಟ್ಟಿಗೆ ಕಳಿಸಲಾ?"

ತಲೆಯಾಡಿಸಿದ.

"ಎರಡೂನಾ?"

ತಲೆಯಾಡಿಸಿದ.

"ಸಾರ್, ನಿಮಗೆ ತಲೆ ಕೆಟ್ಟಿದೆಯಾ?"

ಜೋರಾಗಿ ತಲೆಯಾಡಿಸಿದ!

ಎದುರಿನ ಅಡುಗೆಮನೆಯಲ್ಲಿ ದುರುಗವ್ವ ಸೌಟಿನಿಂದ ಹಣೆ ಚಚ್ಚಿಕೊಂಡಳು. ಮೇಡಂ ಓಡಿಬಂದು, "ಓದಿಸಪ್ಪಾ, ಓದಿಸು" ಎಂದು ಖಾದರನನ್ನು ಕಳಿಸಿ, ಓಬಳೇಶನ ಕಡೆ ತಿರುಗಿದರು.

"ಅವನು ನಿಂತು ಕೇಳೋದು, ನೀನು ಕುರ್ಚಿಯಲ್ಲಿ ಕೂತು ತಲೆಯಾಡಿಸೋದು! ಮೇಲೆ ಕೆಳಗೆ ಅನ್ನೋದೇ ಇರಬಾರದು. ಮುಂದಿನ ಸಲ ಎಲ್ಲರೂ ಒಂದೇ ಮಟ್ಟದಲ್ಲಿ ಕೂರಬೇಕು. ಇಲಾಖೆಯ ಸಾಹೇಬರೂ ಬರ್ತಾರೆ. ಇನ್ನೊಂದು ಎಡವಟ್ಟಾದರೆ ನಿನ್ನ ಕೆಲಸ ಉಳಿಯಲ್ಲ!"

ಮೇಡಂ ಹೇಳಿದ್ದು ಸರಿಯೇ. ಆ ಶಾಲೆಯಲ್ಲಿ ಅಂಗಡಿಯವರು ಬಂದರೆ ಕುರ್ಚಿ, ಭಟ್ಟಿಯವರು ಬಂದರೆ ಬಾಗಿಲು. ಯಾರು ಮಾಡಿದ ಕಾನೂನು? ಯಾರೂ ಮಾಡಿಲ್ಲ. ಎಲ್ಲರೂ ಪಾಲಿಸುತ್ತಾರೆ, ಥೂ!

ಓಬಳೇಶ ನೋಡಿದ. ಕುರ್ಚಿ ಕೆಲವು, ಉಳಿದವರಿಗೆ ಚಾಪೆ. ಕುರ್ಚಿ ಎತ್ತರ, ಚಾಪೆ ತಗ್ಗು. ಗರಗಸ ತಂದ. ಗರ ಗರ ಗರ! ಎಲ್ಲ ಕುರ್ಚಿಗಳ ಕಾಲೂ ಹೋದವು!

ಶಿಕ್ಷಣ ಇಲಾಖೆಯ ಸಾಹೇಬರು ಬಂದರು. ಹಾರ ಹಾಕಿಸಿಕೊಂಡರು. ಕೈಮುಗಿಯುತ್ತಾ ಕುರ್ಚಿಯಲ್ಲಿ ಕೂರಲು ಹೋದರು. ಕೆಳಗೆ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಧೊಪ್!

ಬಿದ್ದದ್ದು ಚಾಪೆಯ ಮೇಲೆ, ಇಮಾಂಬಿಯ ಪಕ್ಕಕ್ಕೆ.

"ಬಂದ್ರಲ್ಲ ಸಾಹೇಬ್ರೇ, ಒಳ್ಳೇದಾಯ್ತು," ಅಂದಳು ಇಮಾಂಬಿ. "ನಮ್ಮ ಹೆಣ್ಣುಮಕ್ಕಳ ಪಾಯಖಾನೆಗೆ ಬಾಗಿಲಿಲ್ಲ!"

"ಈ ಮೇಷ್ಟ್ರನ್ನ ಇವತ್ತೇ ಕಿತ್ತುಹಾಕಿ!" ಸಾಹೇಬರು ಕೂಗಿದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ದುರುಗವ್ವನ ಕೈಯ ಸೌಟು ಕೆಳಗೆ ಬಿತ್ತು. ಮುಗಿಯಿತು ಮಗನ ಕೆಲಸ!

ಮೇಡಂ ಗಾಬರಿಯಲ್ಲಿ ಚೀರಿದರು: "ಒಂದೇ ಮಟ್ಟ ಸಾಕೋ! ಸಾಹೇಬರನ್ನು ಎತ್ತಿ, ಎತ್ತರದಲ್ಲಿ ಕೂರಿಸೋ!"

"ಆಗಲಿ ಮೇಡಂ!"

ಓಬಳೇಶ ಸುತ್ತ ನೋಡಿದ. ಎಲ್ಲಕ್ಕಿಂತ ಎತ್ತರ ಯಾವುದು? ಮೂಲೆಯ ಕಬ್ಬಿಣದ ಬೀರು! ಸಾಹೇಬರನ್ನು ಹೆಗಲ ಮೇಲೆ ಹೊತ್ತು, ಮೇಜು ಹತ್ತಿ, ಬೀರುವಿನ ನೆತ್ತಿಯ ಮೇಲೆ ಕೂರಿಸಿ ಇಳಿದ. ಸಾಹೇಬರ ತಲೆ ಸೂರಿಗೆ ತಾಗಿತು.

"ಇಳಿಸೋ!"

"ಮೇಡಂ ಹೇಳಲಿ ಸಾರ್!"

ದುರುಗವ್ವ ಮೇಡಂ ಮುಖ ನೋಡಿದಳು. ಹೇಳಲು ಬಾಯಿ ತೆರೆದಿದ್ದ ಮೇಡಂ ಯಾಕೋ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಸರ್, ಇವನ ಕೆಲಸ?"

"ಇರಲಿ! ಇರಲಿ!"

"ಪಾಯಖಾನೆ ಬಾಗಿಲು?" ಕೆಳಗಿನಿಂದ ಇಮಾಂಬಿ.

"ಹಾಕಿಸ್ತೀನಿ! ಈ ವಾರವೇ ಹಾಕಿಸ್ತೀನಿ!"

ಚಾಪೆಯ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಮೇಡಂ ಉಸಿರು ಬಿಟ್ಟರು. "ಇಳಿಸಪ್ಪಾ. ಆದರೆ ನಿಧಾನ, ಆತುರ ಮಾಡಬೇಡ!"

"ಆಗಲಿ ಮೇಡಂ!" ಅಂದ ಓಬಳೇಶ. ಆತುರ ಮಾಡಲಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇಮಾಂಬಿಯ ಮಡಿಲಿನಿಂದ ಒಂದು ಹಿಡಿ ಮಂಡಕ್ಕಿ ಇಸಿದುಕೊಂಡು, ಒಂದೊಂದೇ ಕಾಳು ತಿನ್ನತೊಡಗಿದ.