ಬಟ್ಟಲು ಬಲ್ಲದ್ದು, ಮರಳು ಬಲ್ಲದ್ದು

ಮುದಿ ಬೆಕ್ಕಿಗೆ ಥೈರಾಯ್ಡ್ ಅತಿಯಾಗುವ ಕಾಯಿಲೆ; ಅಯೋಡಿನ್ ಹೊಟ್ಟೆಗೆ ಹೋದಷ್ಟೂ ಅದು ಹೆಚ್ಚುತ್ತದೆ. ಅಯೋಡಿನ್ ಕಡಿಮೆಯಿರುವ ಊಟ ಹಾಕಿದರೂ ಬೆಕ್ಕು ಸೊರಗುತ್ತಲೇ ಇತ್ತು.

"ಇನ್ನು ಆಪರೇಷನ್ನೇ ಗತಿ," ಎಂದರು ಪಶುವೈದ್ಯರು. "ಅಥವಾ ಬೇರೆಲ್ಲಾದರೂ ಅಯೋಡಿನ್ ತಿನ್ನುತ್ತಿದೆಯೋ?"

"ಸಾಧ್ಯವೇ ಇಲ್ಲ," ಎಂದಿತು ಊಟದ ಬಟ್ಟಲು. "ಇವಳು ತಿನ್ನುವುದೆಲ್ಲ ನನಗೆ ಗೊತ್ತು."

ಮೂಲೆಯಲ್ಲಿದ್ದ ಮರಳಿನ ತಟ್ಟೆ ನಕ್ಕಿತು. "ಉಚ್ಚೆ ಹೊಯ್ಯಲು ನನ್ನ ಬಳಿ ಬರುತ್ತಾಳೆ. ಅದನ್ನು ಪರೀಕ್ಷಿಸಿ."

"ಥೂ, ನಾರುವವನೇ! ನಿನ್ನ ಸಾಕ್ಷಿ ಯಾರಿಗೆ ಬೇಕು?"

ವೈದ್ಯರಿಗೆ ಬೇಕಿತ್ತು. ಪರೀಕ್ಷಿಸಿದರು. ಅಯೋಡಿನ್ ವಿಪರೀತವಿತ್ತು.

ಬಟ್ಟಲು ಬೆಕ್ಕಿನತ್ತ ತಿರುಗಿತು. "ಎಲ್ಲಿ ತಿಂದೆಯೇ?"

"ಪಕ್ಕದ ಮನೆಯಲ್ಲಿ. ದಿನಾ ಸಮುದ್ರದ ಮೀನು ಹಾಕುತ್ತಾರೆ."

"ನನಗೇಕೆ ಹೇಳಲಿಲ್ಲ?"

ಬೆಕ್ಕು ಮೀಸೆ ಒರೆಸಿಕೊಂಡಿತು.

"ಎಲ್ಲ ಗೊತ್ತು ಎನ್ನುತ್ತಿದ್ದೆ. ಗೊತ್ತಿದೆ ಎಂದುಕೊಂಡೆ."

ಆಪರೇಷನ್ ತಪ್ಪಿತು. ಮೀನೂ ತಪ್ಪಿತು.