ಬೇಗ ಕೋಡಿ ಬಿದ್ದ ಕೆರೆ

"ಗುರುಗಳೇ, ಇನ್ನೇನನ್ನು ಬಿಡಲಿ?" ಎಂದು ಶಿಷ್ಯ ಕೇಳಿದ.

"ಈವರೆಗೆ ಏನೇನು ಬಿಟ್ಟಿದ್ದೀಯೆ?" ಎಂದರು ಗುರುಗಳು.

ಶಿಷ್ಯ ಹೇಳಿದ. ಪ್ಲಾಸ್ಟಿಕ್ ಚೀಲ ಬಿಟ್ಟಿದ್ದ. ಸಂತೆಗೆ ಬಟ್ಟೆಯ ಚೀಲ ಒಯ್ಯುತ್ತಿದ್ದ. ಸೋಪಿನ ಪುಡಿ ಬಿಟ್ಟು ಅಂಟುವಾಳದ ಕಾಯಿಯಲ್ಲಿ ಬಟ್ಟೆ ಒಗೆಯುತ್ತಿದ್ದ. ಬಸ್ಸು ಬಿಟ್ಟು ಪೇಟೆಗೆ ನಡೆದೇ ಹೋಗುತ್ತಿದ್ದ. ಹಲ್ಲುಜ್ಜುವುದಕ್ಕೆ ಬೇವಿನ ಕಡ್ಡಿ ಮುರಿಯುತ್ತಿದ್ದವನು ಮರಕ್ಕೆ ನೋವಾಗುತ್ತದೆ ಎಂದು ಅದನ್ನೂ ಬಿಟ್ಟಿದ್ದ.

"ಈಗ ಏತರಲ್ಲಿ ಉಜ್ಜುತ್ತೀಯೆ?"

"ಬರಿ ಬೆರಳಿನಲ್ಲಿ."

"ಬೆರಳನ್ನು ಒಂದು ಮಾತು ಕೇಳಿದೆಯಾ?" ಎಂದರು ಗುರುಗಳು.

ಶಿಷ್ಯ ನಗಲಿಲ್ಲ. "ಗುರುಗಳೇ, ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಮನುಷ್ಯ ಮುಟ್ಟಿದ್ದೆಲ್ಲ ಕೆಡುತ್ತದೆ. ಮಣ್ಣು ಕೆಟ್ಟಿತು, ನೀರು ಕೆಟ್ಟಿತು. ನಾನು ಬೆಟ್ಟದ ಮೇಲಕ್ಕೆ ಹೋಗಿ ಏನನ್ನೂ ಮುಟ್ಟದೆ ಇದ್ದುಬಿಡುತ್ತೇನೆ. ತಾವು ಹೂಂ ಎಂದರೆ ನಾಳೆಯೇ ಹೊರಡುತ್ತೇನೆ" ಎಂದ.

ಗುರುಗಳು ಹೂಂ ಎನ್ನಲಿಲ್ಲ. ಊಹೂಂ ಎಂದೂ ಹೇಳಲಿಲ್ಲ. ಕೂತುಕೋ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿಗೊಂದು ಕೆರೆ. ಊರಿಗೊಬ್ಬ ಗೌಡ.

ಗೌಡನ ಹೆಂಡತಿ ತೀರಿಕೊಂಡಳು. ಜ್ವರ ಬಂದಿತ್ತು. ಬಹಳ ದಿನ ಮಲಗಲಿಲ್ಲ. ಮಕ್ಕಳಿರಲಿಲ್ಲ. ಹೆಂಡತಿ ಹೋದ ಮನೆಯಲ್ಲಿ ಸದ್ದು ಕಡಿಮೆ. ಪಾತ್ರೆ ತಾನಾಗಿ ಸದ್ದು ಮಾಡುವುದಿಲ್ಲ. ಗೌಡನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಕೆರೆಯ ಏರಿಯ ಮೇಲೆ ಹೋಗಿ ಕೂರತೊಡಗಿದ.

ಕೆರೆಯಲ್ಲಿ ಒಂದು ಕಲ್ಲಿತ್ತು. ಹಳ್ಳ ಬಂದು ಕೆರೆಗೆ ಸೇರುತ್ತದಲ್ಲ, ಆ ಕಡೆಯ ಅಂಚಿನಲ್ಲಿ. ಅವಳು ಬಟ್ಟೆ ಒಗೆಯುತ್ತಿದ್ದ ಕಲ್ಲು. ಮದುವೆಯಾಗಿ ಬಂದ ಹೊಸದರಿಂದ ಅದರ ಮೇಲೆಯೇ ಒಗೆದಿದ್ದಳು. ಒಗೆದು ಒಗೆದು ಕಲ್ಲಿನ ನಡುವೆ ತಗ್ಗು ಬಿದ್ದಿತ್ತು. ಮಳೆಗಾಲದಲ್ಲಿ ಕಲ್ಲು ಮುಳುಗುತ್ತಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಕಾಣುತ್ತಿತ್ತು. ಕಲ್ಲು ಕಂಡ ದಿನ ಗೌಡನಿಗೆ ಎರಡು ತುತ್ತು ಹೆಚ್ಚು ಇಳಿಯುತ್ತಿತ್ತು.

ಆ ಊರಿನಲ್ಲಿ ಒಂದು ರೂಢಿ ಇತ್ತು. ಬೇಸಿಗೆಯಲ್ಲಿ ಕೆರೆಗೆ ಇಳಿದವರು ಬರಿಗೈಯಲ್ಲಿ ಏರಿ ಹತ್ತಬಾರದು. ನೀರು ಸರಿದ ಕಡೆಯಿಂದ ಮಣ್ಣು ತೆಗೆದುಕೊಂಡು ಹತ್ತಬೇಕು. ಕುಂಬಾರ ಮಡಕೆಗೆ ಜೇಡಿ ಅಗೆದು ಕತ್ತೆಯ ಮೇಲೆ ಹೇರುತ್ತಿದ್ದ. ರೈತರು ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಅದೇ ಗೊಬ್ಬರ. ಹೆಂಗಸರು ಬಟ್ಟೆ ಒಗೆದು ಮುಗಿಸಿ ಒಂದು ಮಂಕರಿ ಮಣ್ಣು ಹೊತ್ತುಕೊಂಡು ಬರುತ್ತಿದ್ದರು. ಒಲೆಗೆ ಬೇಕು, ಗೋಡೆಗೆ ಬೇಕು. ಈ ರೂಢಿ ಏಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಮಾಡುತ್ತಿದ್ದಳು, ಸೊಸೆಯೂ ಮಾಡಿದಳು.

ಗೌಡ ಹಿಂದೆ ಹಗಲಿನಲ್ಲಿ ಏರಿಯ ಮೇಲೆ ಕೂತವನಲ್ಲ. ಈಗ ಕೂತ. ಕೂತಮೇಲೆ ಕಣ್ಣಿಗೆ ಬಿತ್ತು. ಎಲ್ಲಿ ನೋಡಿದರೂ ಗುದ್ದಲಿ, ಮಂಕರಿ, ಗಾಡಿ. ಕುಂಬಾರನ ಗುಂಡಿ ಆ ಕಲ್ಲಿನ ಪಕ್ಕದಲ್ಲೇ ಇತ್ತು. ಅವಳು ನಿಂತಿದ್ದ ಜಾಗವನ್ನು ಊರು ಬಾಚಿಕೊಂಡು ಹೋಗುತ್ತಿದೆ ಎಂದು ಗೌಡನಿಗೆ ಅನ್ನಿಸಿತು.

ಊರನ್ನು ಕೂಡಿಸಿದ. "ಇನ್ನು ಮೇಲೆ ಕೆರೆಯಿಂದ ಯಾರೂ ಒಂದು ಹಿಡಿ ಮಣ್ಣನ್ನೂ ತೆಗೀಬಾರ್ದು. ಕೆರೆ ತಾಯಿ ನೀರು ಕೊಡ್ತಾಳೆ. ಅದು ಸಾಲದು ಅಂತ ಅವಳ ಮೈಯನ್ನೂ ಕಿತ್ಕೊಂಡು ಹೋಗ್ತೀರಲ್ಲ, ನಾಚಿಕೆ ಆಗಲ್ವೆ? ನನ್ನ ಮನೆಯವಳು ಕೆರೇನ ಹೆಂಗೆ ಬಿಟ್ಟು ಹೋದಳೋ ಅದು ಹಂಗೇ ಇರ್ಬೇಕು" ಎಂದ.

"ಮಣ್ಣು ಬ್ಯಾಡ ಅಂದ್ರೆ ನಾನೇನು ಗಾಳೀಲಿ ಮಡಕೆ ಮಾಡ್ಲಾ ಗೌಡ್ರೇ?" ಎಂದ ಕುಂಬಾರ.

ಜನ ನಕ್ಕರು. ಗೌಡ ನಗಲಿಲ್ಲ. ಅವನ ಮುಖ ನೋಡಿ ಜನರೂ ನಗುವುದನ್ನು ನಿಲ್ಲಿಸಿದರು. ಹೆಂಡತಿಯನ್ನು ಕಳೆದುಕೊಂಡವನು ಹೇಳಿದ ಮಾತು. ಎದುರಾಡುವುದು ಹೇಗೆ? ಆಗಲಿ ಎಂದರು.

ಕುಂಬಾರನ ತಿಗರಿ ತಿರುಗುವುದು ನಿಂತಿತು. ಕತ್ತೆಯನ್ನು ಮಾರಿದ. ಒಂದು ಹಳೆಯ ಸೈಕಲ್ ಕೊಂಡ. ಪೇಟೆಯಿಂದ ಪ್ಲಾಸ್ಟಿಕ್ ಕೊಡ ತಂದು, ಹಿಂದೆ ಮುಂದೆ ಕಟ್ಟಿಕೊಂಡು, ತಾನು ಮಡಕೆ ಮಾರುತ್ತಿದ್ದ ಮನೆಗಳಿಗೇ ಮಾರಿದ. ಕೆಂಪು, ನೀಲಿ, ಹಸಿರು.

"ಕುಂಬಾರಣ್ಣ, ನೀನೇ ತಟ್ಟಿ ಸುಟ್ಟಿದ್ದಾ ಇದು?" ಎಂದು ಹೆಂಗಸರು ಚುಡಾಯಿಸಿದರು.

"ಹೂಂ ಕಣವ್ವ, ಬಣ್ಣಾನೂ ನಾನೇ ಬಳಿದಿದ್ದು" ಎಂದ ಅವನು. ಹೇಳಿ ಆ ಕಡೆ ಮುಖ ಮಾಡಿಕೊಂಡ.

ಕೊಡ ಹಗುರವಾಗಿತ್ತು. ಬಿದ್ದರೆ ಒಡೆಯುತ್ತಿರಲಿಲ್ಲ. ಆದರೆ ಬಿಸಿಲಿಗೆ ಸೀಳುತ್ತಿತ್ತು. ಸೀಳಿದ್ದನ್ನು ಹಳ್ಳಕ್ಕೆ ಎಸೆದರು. ಹೊಲಕ್ಕೆ ಮೂಟೆಯ ಗೊಬ್ಬರ ಬಂತು. ಮಣ್ಣಿನ ಗೋಡೆಗಳು ಬಿರುಕು ಬಿಟ್ಟವು. ಗೌಡನ ಮನೆಯ ಗೋಡೆಯೂ ಬಿಟ್ಟಿತು. ಗೋಡೆಗೂ ಅವಳಿಲ್ಲದೆ ಆಗುವುದಿಲ್ಲ ಎಂದುಕೊಂಡ ಗೌಡ.

ಆದರೆ ಕೆರೆ ಚೆನ್ನಾಗಿ ಕಾಣುತ್ತಿತ್ತು. ಒಂದು ಗುಂಡಿ ಇಲ್ಲ. ಒಂದು ಗುದ್ದಲಿಯ ಗುರುತಿಲ್ಲ.

ಮಳೆ ಬಂತು. ಹಿಂದೆಲ್ಲ ದೀಪಾವಳಿಯ ಹೊತ್ತಿಗೆ ಕೆರೆ ತುಂಬಿ ಕೋಡಿ ಬೀಳುತ್ತಿತ್ತು. ಈಗ ಆಯುಧಪೂಜೆಗೇ ಬಿತ್ತು. ಇನ್ನೊಂದೆರಡು ಮಳೆಗಾಲ ಕಳೆದ ಮೇಲೆ ಗೌರಿ ಹಬ್ಬಕ್ಕೇ ಬಿತ್ತು. ಮಳೆಯೇನೂ ಹೆಚ್ಚಿರಲಿಲ್ಲ. ಇದ್ದಷ್ಟೇ ಮಳೆ. ಆದರೂ ಕೆರೆ ಬೇಗ ಬೇಗ ತುಂಬುತ್ತಿತ್ತು.

ಊರು ಕುಣಿಯಿತು. ತಮಟೆ ಬಡಿದರು. ಬಾಗಿನ ಬಿಟ್ಟರು. "ಕೆರೆ ತಾಯಿಗೆ ಸಂತೋಷ ಆಗೈತೆ. ಮೈ ಮುಟ್ಟಲಿಲ್ಲ ನೋಡಿ, ಅದಕ್ಕೇ" ಎಂದರು. ನೆರೆಯೂರಿನವರು ಬಂದು ನೋಡಿ ಹೊಟ್ಟೆ ಉರಿದುಕೊಂಡರು. ಗೌಡ ಕೋಡಿಯ ಹತ್ತಿರ ನಿಂತು ನೀರು ಹೋಗುವುದನ್ನು ನೋಡಿದ. ಮನಸ್ಸಿನಲ್ಲೇ ಹೆಂಡತಿಗೆ ಹೇಳಿದ. ನೋಡೆ, ನೀನು ಬಿಟ್ಟು ಹೋದದ್ದಕ್ಕಿಂತ ಚೆನ್ನಾಗಿದೆ.

ತುಂಬುವುದು ಬೇಗ ಆಯಿತು. ಬತ್ತುವುದೂ ಬೇಗ ಆಯಿತು. ಮೊದಲು ಬಸವ ಜಯಂತಿ ಕಳೆದರೂ ನೀರಿರುತ್ತಿತ್ತು. ಈಗ ಯುಗಾದಿಗೇ ತಳ ಕಂಡಿತು. ಈ ಎರಡನ್ನೂ ಯಾರೂ ಸೇರಿಸಿ ನೋಡಲಿಲ್ಲ. ಬೇಗ ತುಂಬಿದ್ದು ದೇವರ ಕೃಪೆ ಎಂದರು. ಬೇಗ ಬತ್ತಿದ್ದು ಕಳ್ಳರ ಕೆಲಸ ಎಂದರು.

ತೂಬು ಎತ್ತಿ ಹೊಲಗಳಿಗೆ ನೀರು ಬಿಡುವ ನೀರುಗಂಟಿಯ ಮೇಲೆ ಗೌಡನಿಗೆ ಅನುಮಾನ ಬಂತು. "ನೆರೆಯೂರಿಗೆ ನೀರು ಬಿಡ್ತಿದ್ದೀಯ?" ಎಂದು ಕೇಳಿದ. ನೀರುಗಂಟಿ ಮಗಳ ತಲೆ ಮುಟ್ಟಿ ಆಣೆ ಇಟ್ಟ. ಗೌಡ ನಂಬಲಿಲ್ಲ. ತೂಬಿಗೆ ಕಾವಲು ಹಾಕಿದ. ನೆರೆಯೂರಿಗೂ ಈ ಊರಿಗೂ ಮಾತು ನಿಂತಿತು. ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವುದು ನಿಂತಿತು. ಕಾವಲಿದ್ದರೂ ಕೆರೆ ಬತ್ತಿತು.

ಒಂದು ವರ್ಷ ಶಿವರಾತ್ರಿಗೇ ಬತ್ತಿತು. ದನಗಳು ಕೆಸರು ನೆಕ್ಕಿದವು.

ಗೌಡ ಕೆರೆಗೆ ಇಳಿದ. ಅವನಿಗೆ ಆ ಕಲ್ಲು ನೋಡಬೇಕಿತ್ತು. ಈಚೆಗೆ ಕೆಲವು ಬೇಸಿಗೆಯಿಂದ ಕಲ್ಲು ಪೂರ್ತಿ ಕಂಡಿರಲಿಲ್ಲ. ಒಂದು ಸಲ ಅರ್ಧ ಕಂಡಿತ್ತು. ಆಮೇಲೆ ನೆತ್ತಿ ಮಾತ್ರ. ಹೋದ ಬೇಸಿಗೆ ಅದೂ ಇಲ್ಲ. ಏರಿಯ ಮೇಲಿನಿಂದ ಕಣ್ಣಿಗೆ ಕಾಣುತ್ತಿಲ್ಲ ಎಂದುಕೊಂಡು ಸುಮ್ಮನಿದ್ದ. ಈಗ ನೀರೇ ಇರಲಿಲ್ಲ. ಕಲ್ಲೂ ಇರಲಿಲ್ಲ.

ಹಿಂದೆ ಹೋದ. ಮುಂದೆ ಬಂದ. ಹಳ್ಳ ಸೇರುವ ಜಾಗ ಇದೇ. ಕಲ್ಲಿಲ್ಲ. ಗೌಡ ಕೂಗಿಕೊಂಡ.

ಕುಂಬಾರ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ನಿಂತು ಕೇಳಿದ. "ಏನಾತು ಗೌಡ್ರೇ?"

"ಕಲ್ಲು ಕಣೋ. ಅವಳ ಕಲ್ಲು. ಯಾವನೋ ಹೊತ್ಕೊಂಡು ಹೋಗವ್ನೆ."

"ಆ ಕಲ್ಲನ್ನಾ? ಊರಿಗೂರೇ ಕೈ ಹಾಕಿದ್ರೂ ಅಳ್ಳಾಡಲ್ಲ ಅದು" ಎಂದು ಕುಂಬಾರ ಇಳಿದು ಬಂದ. ಅವನೂ ಹುಡುಕಿದ. ಕಲ್ಲಿನ ಗುರುತಿಗೆ ತನ್ನ ಗುಂಡಿ ಇರಬೇಕಲ್ಲ ಎಂದು ಅದನ್ನು ಹುಡುಕಿದ. ತಲೆ ಕೆರೆದುಕೊಂಡ. "ನನ್ನ ಗುಂಡೀನೂ ಇಲ್ವಲ್ಲ ಗೌಡ್ರೇ."

ಇಬ್ಬರೂ ನಿಂತರು. ಗೌಡ ಊರುಗೋಲಿನ ಮೇಲೆ ಭಾರ ಹಾಕಿದ. ಕೋಲು ಮೆತ್ತಗೆ ಒಳಗೆ ಇಳಿಯಿತು. ಇಳಿದು ಇಳಿದು ಟಕ್ಕೆಂದಿತು.

ಗೌಡ ಮಂಡಿಯೂರಿ ಎರಡು ಕೈಯಲ್ಲೂ ಮಣ್ಣು ತೋಡತೊಡಗಿದ.

ಕುಂಬಾರ ಕೈ ಕಟ್ಟಿಕೊಂಡು ನಿಂತಿದ್ದ. "ಮಣ್ಣು ಮುಟ್ಟಬ್ಯಾಡಿ ಅಂತ ಅಪ್ಪಣೆ ಐತೆ ಗೌಡ್ರೇ" ಎಂದ. ಅವನ ಹೊಟ್ಟೆಯಲ್ಲಿ ಬಹಳ ದಿನದಿಂದ ಇದ್ದ ಮಾತು ಅದು.

ಗೌಡ ತಲೆ ಎತ್ತಲಿಲ್ಲ. ಉಗುರಿನಲ್ಲಿ ರಕ್ತ ಬಂತು. ಕುಂಬಾರ ನೋಡಿದ. ಅವನೂ ಕೂತು ಮಣ್ಣಿಗೆ ಕೈ ಹಾಕಿದ. ಮಣ್ಣು ಕೈಗೆ ಸಿಕ್ಕಿದ ಕೂಡಲೇ ಅವನ ಬೆರಳುಗಳು ತಾವಾಗಿ ಅದನ್ನು ಮಿದಿದವು. ಸುಮ್ಮನೆ ಎಸೆಯಲು ಅವನಿಗೆ ಬರಲಿಲ್ಲ. ಪಕ್ಕದಲ್ಲಿ ಮುದ್ದೆ ಮಾಡಿ ಇಟ್ಟ.

ತೋಳು ಮುಳುಗುವಷ್ಟು ಆಳಕ್ಕೆ ಹೋದಮೇಲೆ ಕಲ್ಲು ಸಿಕ್ಕಿತು. ಗೌಡ ಅದರ ನಡುವಿನ ತಗ್ಗನ್ನು ಕೈಯಲ್ಲಿ ಒರೆಸಿದ. ಅದೇ ಕಲ್ಲು. ಇದ್ದ ಜಾಗದಲ್ಲೇ ಇತ್ತು.

ಎದ್ದು ನಿಂತು ಸುತ್ತ ನೋಡಿದ. ಕಲ್ಲು ಹೂತಿದ್ದ ಮಟ್ಟಕ್ಕೇ ಇಡೀ ಕೆರೆ ಇತ್ತು. ಈ ಅಂಚಿನಿಂದ ಆ ಅಂಚಿಗೆ ಒಂದೇ ಸಮ. ಪ್ರತಿ ಮಳೆಗಾಲ ಹಳ್ಳ ತಂದ ಹೂಳು ತಂದಲ್ಲೇ ಕೂತಿತ್ತು. ಕೆರೆ ಬೋಗುಣಿಯಾಗಿತ್ತು, ಈಗ ತಟ್ಟೆಯಾಗಿದೆ. ತಟ್ಟೆಗೆ ನೀರು ಹಾಕಿದರೆ ಬೇಗ ತುಂಬುತ್ತದೆ. ಬೇಗ ಆರುತ್ತದೆ.

ಗೌಡ ಕುಂಬಾರನನ್ನು ಕೇಳಿದ. "ಅವಳೂ ಮಣ್ಣು ಹೊರ್ತಿದ್ದಳೇನೋ?"

"ಹೊರದೆ ಏನು ಗೌಡ್ರೇ? ನಿಮ್ಮನೆ ಗೋಡೆ ಯಾವ ಮಣ್ಣಲ್ಲಿ ನಿಂತಿತ್ತು? ಜ್ವರ ಬಂದ ದಿನಾನೂ ಅಮ್ಮಾವ್ರು ಒಂದು ಮಂಕರಿ ಹೊತ್ಕೊಂಡೇ ಏರಿ ಹತ್ತಿದ್ದು. ನಾನೇ ಕೈ ಕೊಟ್ಟೆ."

"ನಾನು ನೋಡ್ಲಿಲ್ಲ" ಎಂದ ಗೌಡ.

ಹೆಗಲ ಮೇಲಿನ ಟವೆಲು ಹಾಸಿದ. ಮಣ್ಣು ತುಂಬಿದ. ಗಂಟು ಕಟ್ಟಿದ. ತಲೆಯ ಮೇಲೆ ಇಟ್ಟುಕೊಂಡ. ಅವನ ಮನೆತನದಲ್ಲಿ ಗಂಡಸರು ತಲೆಯ ಮೇಲೆ ರುಮಾಲು ಬಿಟ್ಟು ಬೇರೆ ಹೊತ್ತವರಿಲ್ಲ. ಏರಿ ಹತ್ತುವಾಗ ಕಾಲು ಜಾರಿತು. ಕುಂಬಾರ ಹಿಂದಿನಿಂದ ಹಿಡಿದುಕೊಂಡ. ಏರಿಯ ಮೇಲಿದ್ದವರು ನೋಡಿದರು.

ಮನೆಗೆ ಹೋಗಿ ಗೌಡ ಮಣ್ಣು ಕಲಸಿ ಗೋಡೆಯ ಬಿರುಕಿಗೆ ಮೆತ್ತಿದ. ಮೆತ್ತಿದ್ದು ಮೆತ್ತಿದಂತೆ ಉದುರಿತು. ಕುಂಬಾರನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬರೀ ಮಣ್ಣು ನಿಲ್ಲಲ್ಲ ಗೌಡ್ರೇ. ಸಗಣಿ ಕಲಸಬೇಕು. ಆಮೇಲೆ ಹಂಗೆ ಕುಕ್ಕಬಾರ್ದು, ಸವರಬೇಕು" ಎಂದಳು. ಗೌಡ ಹಾಗೇ ಸವರಿದ. ಅವನು ಅಳುತ್ತಿದ್ದ. ಅವಳು ಅದನ್ನು ನೋಡದವಳಂತೆ ಸಗಣಿ ತರಲು ಹೋದಳು.

ತೂಬಿನ ಕಾವಲು ತೆಗೆದ. ನೀರುಗಂಟಿಯ ಮನೆಗೆ ಹೋಗಿ, "ನಿನ್ನ ಮಗಳ ತಲೆ ಮುಟ್ಟಿಸಿಬಿಟ್ಟೆ ಕಣಪ್ಪ, ತಪ್ಪಾಯ್ತು" ಎಂದ. ಆ ಬೇಸಿಗೆ ಪೂರ್ತಿ ಊರು ಮಣ್ಣು ಹೊತ್ತಿತು. ಗಾಡಿ ಇದ್ದವರು ಗಾಡಿಯಲ್ಲಿ, ಇಲ್ಲದವರು ತಲೆಯ ಮೇಲೆ. ಕುಂಬಾರ ತಿಗರಿಯ ಧೂಳು ಒರೆಸಿದ.

ಮಳೆ ಬಂತು. ಇದ್ದಷ್ಟೇ ಮಳೆ. ಗೌರಿ ಹಬ್ಬ ಬಂತು, ಕೆರೆ ಕೋಡಿ ಬೀಳಲಿಲ್ಲ. ಆಯುಧಪೂಜೆ ಬಂತು, ಬೀಳಲಿಲ್ಲ. ದೀಪಾವಳಿಗೂ ಬೀಳಲಿಲ್ಲ. ಕೆರೆ ಮುನಿಸಿಕೊಂಡಿದೆ ಎಂದು ಕೆಲವರು ಗೊಣಗಿದರು. ಆ ವರ್ಷ ತಮಟೆ ಇಲ್ಲ, ಬಾಗಿನ ಇಲ್ಲ.

ಯುಗಾದಿ ಕಳೆದ ಮೇಲೂ ದನಗಳು ನಿಂತು ನೀರು ಕುಡಿದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಕೂತಿದ್ದ. "ಹಾಗಾದರೆ ನಾನು ಇಷ್ಟೆಲ್ಲ ಬಿಟ್ಟದ್ದು ತಪ್ಪೇ ಗುರುಗಳೇ?" ಎಂದು ಕೇಳಿದ.

ಗುರುಗಳು ತಪ್ಪು ಎನ್ನಲಿಲ್ಲ. ಅವರೂ ಒಂದು ಮಾತು ಕೇಳಿದರು.

"ಬಿಟ್ಟದ್ದನ್ನೆಲ್ಲ ಹೇಳಿದೆಯಪ್ಪ, ಹೊತ್ತದ್ದು ಯಾವುದು?"