ನೂರನಾಲ್ಕರಲ್ಲೇ ನಿಂತ ಪಾದರಸ

"ಊಹೂಂ. ಅವನನ್ನ ಓಡಿಸು ಅಂತ ನನ್ನ ಬಾಯಿಂದ ಬರಲ್ಲ. ಕಾಯಬೇಡ," ಅಂದರು ಮಠದ ಸ್ವಾಮಿಗಳಾದ ಬುದ್ಧಿಯವರು.

ಪುಟ್ಟಬಸವ ಬೆಚ್ಚಿದ. "ಬುದ್ಧೀ, ನಾನು ಏನೂ ಕೇಳಲೇ ಇಲ್ಲ."

"ಆಗಿನಿಂದ ಅದೇ ಒಂದು ತಪ್ಪಲೆ ಉಜ್ಜುತ್ತಿದ್ದೀಯ. ಅದು ತೂತಾಗೋ ಮುಂಚೆ ಉತ್ತರ ಹೇಳಿಬಿಟ್ಟೆ, ಅಷ್ಟೇ."

ಮಠದ ಜಗಲಿಯಲ್ಲಿ ಪುಟ್ಟಬಸವನ ಅಣ್ಣ ಕೂತಿದ್ದ. ಹಿಂದೊಮ್ಮೆ ಈ ಅಣ್ಣ ಸಿಟ್ಟಲ್ಲಿ ತಮ್ಮನ ಮೇಲೆ ಕೊಡಲಿ ಎತ್ತಿದ್ದ. ತಮ್ಮ ಮನೆ ಬಿಟ್ಟು ಬಂದು ಮಠ ಸೇರಿದ್ದು ಅವತ್ತೇ. ಈಗ ಅಣ್ಣನೇ ಹುಡುಕಿಕೊಂಡು ಬಂದಿದ್ದ.

"ಅವನ ಸಿಟ್ಟು ನಿಮಗೆ ಗೊತ್ತಿಲ್ಲ ಬುದ್ಧೀ. ನಾನು ಕಣ್ಣಾರೆ ಕಂಡಿದ್ದೀನಿ."

"ಕಂಡಿದ್ದೀಯ, ಇಲ್ಲ ಅನ್ನಲ್ಲ. ಕೇಳು."

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಇಡೀ ಬೀದಿಗೆ ಥರ್ಮಾಮೀಟರ್ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಗಾಜಿನ ಕಡ್ಡಿ, ಒಳಗೆ ಪಾದರಸ. ದೇವರ ಗೂಡಲ್ಲಿ ವಿಭೂತಿ ಪಕ್ಕ ಇಡುತ್ತಿದ್ದ.

ಗೋಡೆಗೆ ನೇತುಹಾಕುತ್ತಾರಲ್ಲ, ಆ ಥರ್ಮಾಮೀಟರಿನ ಕೆಂಪು ನೀರು ಬಿಸಿಲಿಗೆ ತಾನೇ ಏರುತ್ತೆ, ತಂಪಿಗೆ ತಾನೇ ಇಳಿಯುತ್ತೆ. ಜ್ವರದ ಕಡ್ಡಿ ಹಾಗಲ್ಲ. ಅದರ ಕತ್ತು ಸಣ್ಣ. ಏರಿದ ಪಾದರಸ ಏರಿದ ಕಡೆಯೇ ಕೂರುತ್ತೆ. ಕೈಯಲ್ಲಿ ಹಿಡಿದು ಜಾಡಿಸಿದರೇ ಇಳಿಯೋದು. ಮಾರಿದವನು ಇದನ್ನ ಹೇಳಿಯೂ ಇದ್ದ. ಆದರೆ ಜಾಡಿಸುವಾಗ ಕೈಜಾರಿ ಒಡೆದರೆ? ವ್ಯಾಪಾರಿ ಜಾಡಿಸುತ್ತಿರಲಿಲ್ಲ.

ಅವನ ಹೆಂಡತಿಗೆ ಜ್ವರ ಬಂತು. ಕಡ್ಡಿ ನೂರನಾಲ್ಕು ತೋರಿಸಿತು. ಒದ್ದೆ ಪಂಚೆ ಹೊದಿಸಿ ಮೇಲೆ ನೀರು ಚಿಮುಕಿಸಿದ. ಮಧ್ಯಾಹ್ನ ಬೆವರು ಬಂದು ಜ್ವರ ಬಿಟ್ಟಿತು. ವ್ಯಾಪಾರಿ ಮತ್ತೆ ಕಡ್ಡಿ ಇಟ್ಟ. ನೂರನಾಲ್ಕು. ಇನ್ನಷ್ಟು ನೀರು ಸುರಿದ.

"ರೀ, ಚಳಿ ತಡೆಯೋಕಾಗ್ತಿಲ್ಲ. ಕಂಬಳಿ ಕೊಡ್ರೀ," ಅಂದಳು ಅವಳು.

"ನಿನಗೇನು ಗೊತ್ತಾಗುತ್ತೆ? ಸುಮ್ಮನೆ ಮಲಗು. ಕಡ್ಡಿ ನೂರನಾಲ್ಕು ಅಂತಿದೆ."

ಅವಳು ನಡುಗಿದಳು. ಆಮೇಲೆ ನಡುಗೋದೂ ನಿಂತಿತು. ವ್ಯಾಪಾರಿ, ಸದ್ಯ ನಿದ್ದೆ ಹತ್ತಿತು ಅಂದುಕೊಂಡ.

ಸಂಜೆ ಪಕ್ಕದ ಮನೆಯಾಕೆ ಗಂಜಿ ತಂದಳು. ಕೂರಿಸೋಣ ಅಂತ ಅವಳ ಕೈ ಹಿಡಿದಳು. ಗಂಜಿ ನೆಲಕ್ಕೆ ಬಿತ್ತು.

"ಅಯ್ಯೋ ಅಣ್ಣಾ! ಇವಳು ಹೋಗಿಬಿಟ್ಟಿದ್ದಾಳೆ! ಕೈ ಕಲ್ಲಿನ ಥರ ತಣ್ಣಗಿದೆ!"

ವ್ಯಾಪಾರಿ ಕಡ್ಡಿಯನ್ನ ಬೆಳಕಿಗೆ ಹಿಡಿದ. ಒಂದು ಸಲ ನೋಡಿದ. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ.

"ಏನಮ್ಮಾ ಹೇಳ್ತಿದ್ದೀಯ? ನೋಡು, ಇನ್ನೂ ನೂರನಾಲ್ಕು ಇದೆ."

ಬುದ್ಧಿಯವರು ಅಲ್ಲಿಗೆ ನಿಲ್ಲಿಸಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಪುಟ್ಟಬಸವ ಉಜ್ಜೋದು ನಿಲ್ಲಿಸಿದ.

"ಇದೆಂಥ ಕತೆ ಬುದ್ಧೀ! ಅವಳು ಅಲ್ಲೇ ಇದ್ದಳಲ್ಲ! ಒಂದು ಸಲ ಕೈ ಹಿಡಿದು ನೋಡೋಕೆ ಏನಾಗಿತ್ತು ಆ ಮನುಷ್ಯನಿಗೆ?"

"ನಿನಗೆ ಏನಾಗಿದೆ? ಅಣ್ಣ ಜಗಲಿಯಲ್ಲೇ ಇದ್ದಾನಲ್ಲ."

ಪುಟ್ಟಬಸವ ತಪ್ಪಲೆಯನ್ನ ಬೋರಲು ಹಾಕಿದ. ಕೈಗೆ ಮೆತ್ತಿದ್ದ ಬೂದಿಯನ್ನ ಪಂಚೆಗೆ ಒರೆಸಿಕೊಂಡ. ಜಗಲಿಗೆ ಹೋಗಿ, ತನ್ನ ಹಿಂದೆ ಬಾಗಿಲು ಎಳೆದುಕೊಂಡ.